‘ನಮ್ಮ ಲಾಗಿನ್‌ನಲ್ಲಿ ಆ ಆಪ್ಷನ್ ಇಲ್ಲ’: ಕರ್ನಾಟಕದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಿಧಾನಸಭೆ ಮತ್ತು ವಿಧಾನ ಪರಿಷತ್ತಿನ ಸದಸ್ಯರಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ, ಬಸ್‌ಸ್ಟ್ಯಾಂಡ್ ಎದುರಿಗೆ ಜೆರಾಕ್ಸ್ ಅಂಗಡಿ ನಡೆಸುವವಳು. ಬೋರ್ಡಿನಲ್ಲಿ ಜೆರಾಕ್ಸ್ ಅಂತ ಇದ್ದರೂ ದಿನದ ಮುಕ್ಕಾಲು ಪಾಲು ಕೆಲಸ ಆನ್‌ಲೈನ್ ಅರ್ಜಿಗಳದ್ದೇ. ಪಹಣಿ ತೆಗೆದುಕೊಡುತ್ತೇನೆ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುತ್ತೇನೆ. ಮಕ್ಕಳ ಸ್ಕಾಲರ್‌ಶಿಪ್ ಯಾವ ಹಂತದಲ್ಲಿದೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯೋ ಇಲ್ಲವೋ ನೋಡಿ ಹೇಳುತ್ತೇನೆ. 13 ವರ್ಷದಿಂದ ಇದೇ ಕೆಲಸ. ಸರ್ಕಾರದ ಕಂಪ್ಯೂಟರು ಜನರ ಜೊತೆ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದನ್ನು ಇಷ್ಟು ಹತ್ತಿರದಿಂದ ನೋಡುವವರು ಕಡಿಮೆ.

ಕೃತಕ ಬುದ್ಧಿಮತ್ತೆ, ಅಂದರೆ ಎಐ, ಮತ್ತು ರಾಶಿ ರಾಶಿ ಡೇಟಾವನ್ನು ಕಾನೂನಿನ ಹಿಡಿತಕ್ಕೆ ತರಬೇಕು ಅಂತ ಈಗ ಎಲ್ಲ ಕಡೆ ಮಾತು ನಡೆಯುತ್ತಿದೆ. ಆ ಮಾತಿನಲ್ಲಿ ದೊಡ್ಡ ಕಂಪನಿಗಳು ಬರುತ್ತವೆ, ಹೂಡಿಕೆ ಬರುತ್ತದೆ, ಬೆಂಗಳೂರಿನ ಭವಿಷ್ಯ ಬರುತ್ತದೆ. ನನ್ನ ಅಂಗಡಿ ಮುಂದಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಕಾಯುವವರು ಬರುವುದಿಲ್ಲ. ಅವರ ಪರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಒಂದು ಸಂತೆ ದಿನ, ಪಕ್ಕದ ಹಳ್ಳಿಯಿಂದ ಒಬ್ಬ ಅಜ್ಜಿ ಬಂದರು. ಕೈಯಲ್ಲಿ ಬಟ್ಟೆ ಅಂಗಡಿಯ ಹಳೇ ಕವರು. ಅದರೊಳಗೆ ಆಧಾರ್ ಕಾರ್ಡು, ರೇಷನ್ ಕಾರ್ಡು, ಮೂಲೆ ಹರಿದ ಪಾಸ್‌ಬುಕ್ಕು, ತೀರಿಕೊಂಡ ಗಂಡನ ಮರಣ ಪತ್ರ, ನಾಲ್ಕು ಪಾಸ್‌ಪೋರ್ಟ್ ಸೈಜ್ ಫೋಟೋ. ನಾಲ್ಕು ತಿಂಗಳಿಂದ ಪಿಂಚಣಿ ಬಂದಿರಲಿಲ್ಲ. “ಬ್ಯಾಂಕಲ್ಲಿ ಕೇಳುದ್ರೆ ಮೇಲಿಂದಾನೇ ಬಂದಿಲ್ಲ ಅಂತಾರೆ, ವಸಿ ನೋಡವ್ವ” ಅಂತ ಕವರನ್ನೇ ಮುಂದಿಟ್ಟರು.

ನಂಬರ್ ಹಾಕಿ ನೋಡಿದೆ. ಅಜ್ಜಿಯ ಹೆಸರಿನ ಮುಂದೆ, ಸ್ಥಿತಿ ಅನ್ನುವ ಕಾಲಮ್ಮಿನಲ್ಲಿ ‘ಮರಣ’ ಅಂತ ಇತ್ತು.

ಅವರು ನನ್ನ ಎದುರಿಗೇ ಕೂತಿದ್ದರು. ಸಂತೆಯಲ್ಲಿ ಕೊಂಡ ಸೊಪ್ಪಿನ ಕಟ್ಟು ಕಾಲ ಬಳಿ ಇತ್ತು. “ಏನಂತೆ?” ಅಂದರು. ನನಗೆ ಬಾಯೇ ಬರಲಿಲ್ಲ. ಸರ್ವರ್ ಡೌನ್ ಇದೆ ಅಜ್ಜಿ, ನಾಳೆ ಬನ್ನಿ ಅಂದುಬಿಟ್ಟೆ. ಆ ಸುಳ್ಳು ಇವತ್ತಿಗೂ ಚುಚ್ಚುತ್ತದೆ. ಯಾಕೆಂದರೆ ಮಾರನೇ ದಿನ ಅವರು ಮೊದಲ ಬಸ್ಸಿಗೇ ಬಂದು, ನಾನು ಬಾಗಿಲು ತೆಗೆಯುವ ಹೊತ್ತಿಗೆ ಮೆಟ್ಟಿಲ ಮೇಲೆ ಕೂತಿದ್ದರು.

ಆವತ್ತು ನಾನೇ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು. ಅಜ್ಜಿಗೆ ಕುರ್ಚಿ ಕೊಟ್ಟರು. ಸ್ಕ್ರೀನ್ ನೋಡಿದರು, ಅಜ್ಜಿಯನ್ನು ನೋಡಿದರು. “ಇದು ನಾವು ಮಾಡಿದ್ದಲ್ಲಮ್ಮ. ಮೇಲೆ ಡೇಟಾ ಹೊಂದಾಣಿಕೆ ಮಾಡುವಾಗ ಆಗಿದೆ. ವಾಪಸ್ ತೆಗೆಯೋಕೆ ನಮ್ಮ ಲಾಗಿನ್‌ನಲ್ಲಿ ಆ ಆಪ್ಷನ್ ಇಲ್ಲ” ಅಂದರು. ಇನ್ನೊಂದು ಕಚೇರಿಗೆ ಹೋದೆವು, ಅಲ್ಲೂ ಅದೇ ಮಾತು. ಜಿಲ್ಲಾ ಕೇಂದ್ರಕ್ಕೆ ಹೋದರೆ ಬೆಂಗಳೂರಿಗೆ ಪತ್ರ ಹಾಕಿ ಅಂದರು. ‘ಇವರು ಬದುಕಿದ್ದಾರೆ’ ಅಂತ ಪಂಚಾಯಿತಿಯಿಂದ ಬರೆಸಿದೆವು. ಎಲ್ಲ ಸರಿಹೋಗೋಕೆ ಹನ್ನೊಂದು ತಿಂಗಳು ಹಿಡಿಯಿತು. ಆ ಹನ್ನೊಂದು ತಿಂಗಳಲ್ಲಿ ಅಜ್ಜಿ ತಮ್ಮ ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದರು ಅಂತ ನನಗೆ ಆಮೇಲೆ ಗೊತ್ತಾಯಿತು.

ಆಗಿದ್ದು ಇಷ್ಟೇ. ಪಕ್ಕದ ಹೋಬಳಿಯಲ್ಲಿ ಅದೇ ಹೆಸರಿನ, ಗಂಡನ ಹೆಸರೂ ಅದೇ ಆಗಿದ್ದ ಇನ್ನೊಬ್ಬರು ತೀರಿಕೊಂಡಿದ್ದರು. ಇಬ್ಬರೂ ಹುಟ್ಟಿದ್ದು, ದಾಖಲೆ ಪ್ರಕಾರ, ಒಂದೇ ವರ್ಷದ ಜನವರಿ 1ರಂದು.

ಈ ಜನವರಿ 1ರ ಕಥೆ ನಿಮಗೂ ಗೊತ್ತಿರಬೇಕು. ನಿಮ್ಮ ಕ್ಷೇತ್ರದ ಯಾವುದೇ ಹಳ್ಳಿಗೆ ಹೋಗಿ, ಹಿರಿಯರ ಆಧಾರ್ ಕಾರ್ಡು ಕೇಳಿ ನೋಡಿ. ಹುಟ್ಟಿದ ದಿನ ಗೊತ್ತಿಲ್ಲದವರು ತಮ್ಮ ವಯಸ್ಸು ಅಂದಾಜಿಗೆ ಹೇಳಿದರು, ದಿನ ಜನವರಿ 1 ಅಂತ ಕೂತಿತು. ಇಡೀ ಬೀದಿಯ ಅಜ್ಜ-ಅಜ್ಜಿಯರ ಹುಟ್ಟುಹಬ್ಬ ಒಂದೇ ದಿನ. ಇನ್ನು ಹೆಸರುಗಳ ವಿಷಯ. ನಮ್ಮ ಕಡೆ ಊರಿಗೆ ಹತ್ತು ಜನ ಲಕ್ಷ್ಮಮ್ಮಂದಿರು. ಪಹಣಿಯಲ್ಲಿ ‘ಲಕ್ಷ್ಮಮ್ಮ ಕೋಂ ನಿಂಗೇಗೌಡ’ ಅಂತ ಇರುತ್ತದೆ. ರೇಷನ್ ಕಾರ್ಡಿನಲ್ಲಿ ಬರೀ ಲಕ್ಷ್ಮಮ್ಮ. ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ‘ಕೆ, ಎಸ್, ಎಚ್’ ಹಾಕುತ್ತಾರೆ, ಇನ್ನೊಬ್ಬರು ‘ಎಕ್ಸ್’ ಹಾಕಿ ಮುಗಿಸುತ್ತಾರೆ. ಬ್ಯಾಂಕಿನಲ್ಲಿ ಹೆಸರಿನ ಮುಂದೆ ಊರಿನ ಇನಿಷಿಯಲ್ಲು. ಹೀಗಿದ್ದಾಗ ಒಬ್ಬ ಲಕ್ಷ್ಮಮ್ಮ ಕಂಪ್ಯೂಟರಿಗೆ ನಾಲ್ಕು ಜನರ ಹಾಗೆ ಕಾಣುತ್ತಾರೆ. ನಾಲ್ಕು ಲಕ್ಷ್ಮಮ್ಮಂದಿರು ಒಬ್ಬರ ಹಾಗೆ ಕಾಣುತ್ತಾರೆ.

ಬೇರೆ ಬೇರೆ ಇಲಾಖೆಯ ಪಟ್ಟಿಗಳನ್ನು ಒಟ್ಟಿಗೆ ಹಾಕಿ, ಹತ್ತಿರ ಹತ್ತಿರ ಇರುವ ಹೆಸರು, ವಿಳಾಸ, ದಿನಾಂಕ ನೋಡಿ ‘ಇವರಿಬ್ಬರೂ ಒಬ್ಬರೇ ಇರಬಹುದು’ ಅಂತ ಅಂಕ ಹಾಕುವುದು ಈ ಸಾಫ್ಟ್‌ವೇರ್‌ಗಳ ಕೆಲಸ. ತಪ್ಪು ಅಲ್ಲೇ ಹುಟ್ಟುತ್ತದೆ ಅಂತ ನಾನು ಹೇಳುವುದಿಲ್ಲ. ‘ಇರಬಹುದು’ ಅನ್ನೋದು ಮುಂದಿನ ಟೇಬಲ್ಲಿಗೆ ಹೋಗುವಷ್ಟರಲ್ಲಿ ‘ಹೌದು’ ಆಗಿರುತ್ತದೆ, ಅಲ್ಲಿ ಹುಟ್ಟುತ್ತದೆ. ಆ ಇಬ್ಬರೂ ಬೇರೆ ಬೇರೆ ಅಂತ ಹೇಳೋಕೆ ನಮ್ಮೂರಿನ ಗ್ರಾಮ ಆಡಳಿತಾಧಿಕಾರಿಗೆ ಒಂದು ನಿಮಿಷ ಸಾಕಿತ್ತು. ಅವರನ್ನು ಯಾರೂ ಕೇಳಲೇ ಇಲ್ಲ.

ಇನ್ನೊಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಸ್ಟ್ಯಾಂಡಿನಲ್ಲಿ ಆಟೋ ಓಡಿಸುವವರೊಬ್ಬರು ಗಾಡಿ ಸಾಲಕ್ಕೆ ಅಂತ ಏಜೆಂಟ್ ಮಾತು ಕೇಳಿ ಆದಾಯ ತೆರಿಗೆ ರಿಟರ್ನ್ ಹಾಕಿಸಿದ್ದರು. ಕಟ್ಟಿದ ತೆರಿಗೆ ಸೊನ್ನೆ. ರಿಟರ್ನ್ ಹಾಕುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಆದರೆ ಅವರ ಹೆಂಡತಿ ಸರ್ಕಾರಿ ಸೌಲಭ್ಯಕ್ಕೆ ಅರ್ಜಿ ಹಾಕಿದಾಗ ‘ತೆರಿಗೆ ಪಾವತಿದಾರರ ಕುಟುಂಬ’ ಅಂತ ಬಂತು. ಯಾವ ವರ್ಷದ ಯಾವ ದಾಖಲೆ ನೋಡಿ ಹಾಗೆ ಹೇಳುತ್ತಿದ್ದೀರಿ ಅಂತ ಕೇಳೋಣ ಅಂದರೆ, ಪರದೆ ಮೇಲೆ ಇರುವುದು ಆ ಮೂರೇ ಪದ.

ಇದು ನಮ್ಮ ತಾಲ್ಲೂಕಿನ ಕಥೆ ಮಾತ್ರ ಆಗಿದ್ದರೆ ನಾನು ತಹಶೀಲ್ದಾರರಿಗೆ ಅರ್ಜಿ ಬರೆಯುತ್ತಿದ್ದೆ, ನಿಮಗೆ ಬರೆಯುತ್ತಿರಲಿಲ್ಲ.

ಪಕ್ಕದ ತೆಲಂಗಾಣವನ್ನು ನೋಡಿ. ಅಲ್ಲಿ ‘ಸಮಗ್ರ ವೇದಿಕ’ ಅನ್ನುವ ವ್ಯವಸ್ಥೆ ಇದೆ. ವಾಹನ, ಆಸ್ತಿ, ವಿದ್ಯುತ್ ಬಿಲ್ಲು ಹೀಗೆ ಹತ್ತಾರು ಕಡೆಯ ಮಾಹಿತಿ ಕೂಡಿಸಿ, ಯಾರು ಬಡವರು ಯಾರು ಅಲ್ಲ ಅಂತ ಹೇಳುವ ಸಾಫ್ಟ್‌ವೇರ್. 2014ರಿಂದ 2019ರ ಒಳಗೆ ಆ ರಾಜ್ಯದಲ್ಲಿ 18 ಲಕ್ಷಕ್ಕೂ ಹೆಚ್ಚು ಆಹಾರ ಭದ್ರತಾ ಕಾರ್ಡುಗಳು ರದ್ದಾದವು. ಜನರಿಗೆ ನೋಟಿಸ್ ಇಲ್ಲ. ರೇಷನ್ ಅಂಗಡಿ ಮುಂದೆ ಸಾಲಿನಲ್ಲಿ ನಿಂತಾಗಲೇ ಗೊತ್ತಾಗಿದ್ದು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ರದ್ದಾದ ಕಾರ್ಡುಗಳನ್ನು ಮನೆಗೆ ಹೋಗಿ ಮತ್ತೆ ಪರಿಶೀಲಿಸಿ ಅಂತ ಹೇಳಬೇಕಾಯಿತು. ಆ ಮರುಪರಿಶೀಲನೆಯಲ್ಲಿ ಮೊದಲು ನೋಡಿದ ಸುಮಾರು 2 ಲಕ್ಷ ಅರ್ಜಿಗಳಲ್ಲೇ 15,000ಕ್ಕೂ ಹೆಚ್ಚು ಕುಟುಂಬಗಳು ಅರ್ಹ ಅಂತ ಗೊತ್ತಾಯಿತು. ಹೀಗೆ ಕಾರ್ಡು ಕಳೆದುಕೊಂಡ ಒಂದು ಮನೆಯ ಗಂಡಸು ರಿಕ್ಷಾ ಓಡಿಸಿ ಬದುಕಿದವರು. ಹೆಚ್ಚು ಕಮ್ಮಿ ಅದೇ ಹೆಸರಿನ ಬೇರೆ ಯಾರದೋ ಕಾರು ಅವರ ಲೆಕ್ಕಕ್ಕೆ ಬಂದಿತ್ತು. ಅಂಥ ಮನೆಯಲ್ಲಿ ಅಕ್ಕಿ ನಿಂತರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಹರಿಯಾಣದಲ್ಲಿ ಮನೆಮನೆಗೂ ‘ಪರಿವಾರ್ ಪೆಹಚಾನ್ ಪತ್ರ’ ಅಂತ ಕುಟುಂಬದ ಗುರುತು ಸಂಖ್ಯೆ ಕೊಟ್ಟರು. ಅಲ್ಲೂ ದಾಖಲೆಯಲ್ಲಿ ‘ಸತ್ತವರು’ ಹೆಚ್ಚಾದರು. 2022ರಲ್ಲಿ 102 ವರ್ಷದ ಒಬ್ಬ ಹಿರಿಯರು ನೋಟಿನ ಹಾರ ಹಾಕಿಕೊಂಡು, ಮದುಮಗನ ಹಾಗೆ ಮೆರವಣಿಗೆಯಲ್ಲಿ ಬಂದು, ನಾನು ಬದುಕಿದ್ದೇನೆ ನೋಡಿ ಅಂತ ತೋರಿಸಿಕೊಂಡರು. ಆಮೇಲೆ ಅವರ ಪಿಂಚಣಿ ಮತ್ತೆ ಶುರುವಾಯಿತು. ಪತ್ರಿಕೆಯವರು ಅದನ್ನು ತಮಾಷೆ ಸುದ್ದಿ ಮಾಡಿದರು. ನಮ್ಮ ಅಜ್ಜಿಯನ್ನು ನೋಡಿದ ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ.

ಶ್ರೀಮಂತ ದೇಶಗಳಲ್ಲೂ ಇದೇ. ನೆದರ್‌ಲ್ಯಾಂಡ್ಸ್‌ನಲ್ಲಿ ಮಕ್ಕಳ ಪಾಲನೆಯ ಸಹಾಯಧನದಲ್ಲಿ ಮೋಸ ಹಿಡಿಯೋಕೆ ಒಂದು ಸಾಫ್ಟ್‌ವೇರ್ ಬಳಸಿದರು. ಅದು ಪೌರತ್ವವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಯಾರ ಮೇಲೆ ಅನುಮಾನ ಪಡಬೇಕು ಅಂತ ಹೇಳುತ್ತಿತ್ತು. ಸಾವಿರಾರು ತಂದೆತಾಯಿಯರು ಮೋಸಗಾರರು ಅನ್ನಿಸಿಕೊಂಡು ಸಾಲಕ್ಕೆ ಬಿದ್ದರು. ಕೊನೆಗೆ 2021ರ ಜನವರಿಯಲ್ಲಿ ಇಡೀ ಸರ್ಕಾರವೇ ರಾಜೀನಾಮೆ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ ‘ರೋಬೋಡೆಟ್’. ಸರ್ಕಾರಿ ಸಹಾಯಧನ ಪಡೆದ ಜನರ ವರ್ಷದ ಆದಾಯವನ್ನು ಹದಿನೈದು ದಿನಕ್ಕೊಂದರಂತೆ ಸಮನಾಗಿ ಹಂಚಿ, ‘ನೀವು ಜಾಸ್ತಿ ಹಣ ಪಡೆದಿದ್ದೀರಿ, ವಾಪಸ್ ಕಟ್ಟಿ’ ಅಂತ ಕಂಪ್ಯೂಟರಿನಿಂದಲೇ ನೋಟಿಸ್ ಹೋಯಿತು. ಆರು ತಿಂಗಳು ಕೆಲಸ ಇದ್ದು ಆರು ತಿಂಗಳು ಇಲ್ಲದವನ ಬದುಕು ಹಾಗೆ ಸಮನಾಗಿ ಇರುತ್ತದೆಯೇ? ನಮ್ಮ ಕೂಲಿಯವರನ್ನು ಕೇಳಿದ್ದರೂ ಹೇಳುತ್ತಿದ್ದರು. 2023ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ ತನಿಖಾ ಆಯೋಗ, ರಾಯಲ್ ಕಮಿಷನ್, ಆ ಯೋಜನೆಯನ್ನು ಕಟುವಾಗಿ ಖಂಡಿಸಿ ವರದಿ ಕೊಟ್ಟಿತು.

ನಮ್ಮಲ್ಲಿ 2024ರ ನವೆಂಬರ್ ನೆನಪಿದೆ ಅಲ್ವಾ? ಬಿಪಿಎಲ್ ಕಾರ್ಡುಗಳು ದೊಡ್ಡ ಸಂಖ್ಯೆಯಲ್ಲಿ ರದ್ದಾದವು, ಎಪಿಎಲ್ ಆದವು. ನೀವೇ ಪಕ್ಷಭೇದ ಇಲ್ಲದೆ ನಿಮ್ಮ ನಿಮ್ಮ ಕ್ಷೇತ್ರದ ಜನರ ಫೋನು ತೆಗೆದುಕೊಂಡಿದ್ದೀರಿ. ಗಲಾಟೆ ಜಾಸ್ತಿ ಆದ ಮೇಲೆ ಸರ್ಕಾರ, ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡಿ ಅಂತ ಹೇಳಿತು. ಒಳ್ಳೆಯದೇ ಆಯಿತು. ಆದರೆ ಗಲಾಟೆ ಆದಾಗ ಮಾತ್ರ ಸರಿಹೋಗುವುದನ್ನು ವ್ಯವಸ್ಥೆ ಅನ್ನೋಕಾಗಲ್ಲ. ನಮ್ಮ ಅಜ್ಜಿ ಒಬ್ಬರೇ. ಒಬ್ಬರಿಂದ ಗಲಾಟೆ ಆಗುವುದಿಲ್ಲ.

ಸುಳ್ಳು ಫಲಾನುಭವಿಗಳನ್ನು ಹಿಡಿಯಬೇಡವೇ ಅಂತ ನೀವು ಕೇಳಬಹುದು. ಹಿಡಿಯಲೇಬೇಕು. ನಾನೂ ನೋಡಿದ್ದೇನೆ. ಎರಡು ಅಂತಸ್ತಿನ ಮನೆ, ವೈಟ್ ಬೋರ್ಡ್ ಕಾರು ಇಟ್ಟುಕೊಂಡು ಬಿಪಿಎಲ್ ಅಕ್ಕಿ ತಿನ್ನುವವರು ನಮ್ಮ ಬೀದಿಯಲ್ಲೇ ಇದ್ದಾರೆ. ಕಂಪ್ಯೂಟರು ಬೇಡ ಅಂತಲೂ ನನ್ನ ವಾದ ಅಲ್ಲ. ಜಮೀನು ದಾಖಲೆಗಳ ‘ಭೂಮಿ’ ಕಂಪ್ಯೂಟರ್ ವ್ಯವಸ್ಥೆ ಬಂದ ಮೇಲೆ ಪಹಣಿಗಾಗಿ ಒಬ್ಬರ ಮನೆ ಬಾಗಿಲು ಕಾಯುವುದು ತಪ್ಪಿತು ಅಂತ ನಮ್ಮಪ್ಪ ಈಗಲೂ ಹೇಳುತ್ತಾರೆ. ನನ್ನ ಅನ್ನವೂ ಕಂಪ್ಯೂಟರಿನಿಂದಲೇ. ಕಂಪ್ಯೂಟರು ಅನುಮಾನ ಪಡಲಿ. ತೀರ್ಪು ಕೊಡುವ ಮೊದಲು ಒಬ್ಬ ಮನುಷ್ಯ ಆ ಮನೆ ಬಾಗಿಲಿಗೆ ಹೋಗಲಿ. ನಾನು ಕೇಳುವುದು ಅಷ್ಟು.

ಅದಕ್ಕೆಲ್ಲ ಕೇಂದ್ರದ ಕಾನೂನು ಇದೆಯಲ್ಲ ಅಂತಲೂ ಕೆಲವರು ಹೇಳುತ್ತಾರೆ. ಇದೆ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಮೊಕದ್ದಮೆ ಹಾಕಿದ್ದು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ಕೋರ್ಟಿಗೆ ಹೋದರು. ಆ ತೀರ್ಪಿನ ಆರು ವರ್ಷಕ್ಕೆ, 2023ರಲ್ಲಿ, ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ.

ನಾನು ಆ ಕಾಯ್ದೆಯನ್ನು ಕೂತು ಓದಿದೆ. ತಪ್ಪು ಮಾಹಿತಿ ತಿದ್ದಿಸಿಕೊಳ್ಳುವ ಹಕ್ಕು ಅದರಲ್ಲಿ ಇದೆ. ಆದರೆ ಆ ಹಕ್ಕು ಇರುವುದು ನಾವು ಒಪ್ಪಿಗೆ ಕೊಟ್ಟ ಮಾಹಿತಿಗೆ. ಸೌಲಭ್ಯ, ಸಬ್ಸಿಡಿ ಕೊಡೋಕೆ ಸರ್ಕಾರ ಹೊಸದಾಗಿ ಒಪ್ಪಿಗೆ ಕೇಳದೆಯೂ ನಮ್ಮ ಮಾಹಿತಿ ಬಳಸಬಹುದು ಅಂತ ಅದೇ ಕಾಯ್ದೆ ಹೇಳುತ್ತದೆ. ಸರ್ಕಾರದ ಕೆಲವು ಸಂಸ್ಥೆಗಳಿಗೆ ಇಡೀ ಕಾಯ್ದೆಯಿಂದಲೇ ವಿನಾಯಿತಿ ಕೊಡುವ ಅಧಿಕಾರವೂ ಅದರಲ್ಲಿದೆ. ತಪ್ಪು ಮಾಡಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಸರಿ. ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ. ಕಷ್ಟಪಟ್ಟವರಿಗೆ ಪರಿಹಾರ ಅಂತ ಒಂದು ರೂಪಾಯಿ ಇಲ್ಲ. ಸುಳ್ಳು ದೂರು ಕೊಟ್ಟರೆ ಮಾತ್ರ ನಾಗರಿಕರಿಗೆ 10,000 ರೂಪಾಯಿವರೆಗೆ ದಂಡ ಬೀಳಬಹುದು. ಇನ್ನು ಎಐಗೆ ಅಂತಲೇ ಕೇಂದ್ರ 2025ರ ನವೆಂಬರ್‌ನಲ್ಲಿ ಹೊರಡಿಸಿದ್ದು ಮಾರ್ಗಸೂಚಿ. ಮಾರ್ಗಸೂಚಿ ಹಿಡಿದುಕೊಂಡು ನಮ್ಮ ಅಜ್ಜಿ ಯಾವ ಕಚೇರಿಗೆ ಹೋಗಬೇಕು?

ಅದಕ್ಕೇ ನಿಮ್ಮ ಬಳಿ ಬಂದಿದ್ದೇನೆ. ರಾಜ್ಯ ಸರ್ಕಾರ ತನ್ನ ಸ್ವಂತ ಯೋಜನೆಗಳ ಹಣವನ್ನು ಹೇಗೆ ಕೊಡಬೇಕು, ಹೇಗೆ ನಿಲ್ಲಿಸಬೇಕು ಅಂತ ನಿಯಮ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಅದಕ್ಕೆ ಬೇಕಾದ ಮಾದರಿಯನ್ನೂ ನೀವೇ ಬರೆದಿಟ್ಟಿದ್ದೀರಿ.

2025ರಲ್ಲಿ ನೀವು ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಮಾಡಿದಿರಿ. ಊಟ ತಲುಪಿಸುವ, ಕ್ಯಾಬ್ ಓಡಿಸುವ ಹುಡುಗರಿಗಾಗಿ. ನನ್ನ ತಮ್ಮನೂ ಬೆಂಗಳೂರಿನಲ್ಲಿ ಅದೇ ಕೆಲಸದಲ್ಲಿದ್ದಾನೆ, ಹಾಗಾಗಿ ಅದನ್ನು ಆಸೆಯಿಂದ ಓದಿದೆ. ಕೆಲಸ ಹಂಚುವ, ದುಡ್ಡು ಲೆಕ್ಕ ಹಾಕುವ ಸಾಫ್ಟ್‌ವೇರ್ ಹೇಗೆ ನಿರ್ಧಾರ ಮಾಡುತ್ತದೆ ಅಂತ ತಿಳಿದುಕೊಳ್ಳುವ ದಾರಿಯನ್ನು ಕಂಪನಿ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕು. ಜಾತಿ, ಧರ್ಮ, ಲಿಂಗ ನೋಡಿ ಆ ಸಾಫ್ಟ್‌ವೇರ್ ತಾರತಮ್ಯ ಮಾಡಬಾರದು. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದು, 14 ದಿನ ಮೊದಲೇ ನೋಟಿಸ್ ಕೊಡಬೇಕು. ಇದನ್ನೆಲ್ಲ ಇಷ್ಟು ಸ್ಪಷ್ಟವಾಗಿ ಬರೆದ ರಾಜ್ಯಗಳು ದೇಶದಲ್ಲಿ ಕಡಿಮೆ. ನಿಮ್ಮ ಬಗ್ಗೆ ಹೆಮ್ಮೆ ಅನ್ನಿಸಿತು.

ಆದರೆ ನೋಡಿ, ಕಂಪನಿಯ ಆ್ಯಪ್ ನನ್ನ ತಮ್ಮನನ್ನು ತೆಗೆದುಹಾಕಬೇಕಾದರೆ 14 ದಿನದ ನೋಟಿಸ್ ಬೇಕು. ಸರ್ಕಾರದ ಸಾಫ್ಟ್‌ವೇರ್ ಒಬ್ಬ ಅಜ್ಜಿಯನ್ನು ಸತ್ತವರ ಪಟ್ಟಿಗೆ ಸೇರಿಸೋಕೆ ಒಂದು ಕ್ಷಣವೂ ಬೇಡ. ಕಂಪನಿಗೆ ಹಾಕಿದ ನಿಯಮವನ್ನು ಸರ್ಕಾರ ತನಗೂ ಹಾಕಿಕೊಳ್ಳಲಿ.

ಅದು ಹೇಗಿರಬೇಕು ಅಂತ ನನ್ನ ಅನುಭವದಿಂದ ಹೇಳುತ್ತೇನೆ. ಅಕ್ಕಿ, ಪಿಂಚಣಿ, ತಿಂಗಳ ಹಣ, ಸ್ಕಾಲರ್‌ಶಿಪ್, ಯಾವುದನ್ನೇ ಕಂಪ್ಯೂಟರಿನ ಹೊಂದಾಣಿಕೆ ನೋಡಿ ನಿಲ್ಲಿಸುವ ಮೊದಲು ಆ ವ್ಯಕ್ತಿಗೆ ಕನ್ನಡದಲ್ಲಿ ಒಂದು ಕಾಗದ ಹೋಗಲಿ. ಬರೀ ‘ಅನರ್ಹ’ ಅಂತ ಅಲ್ಲ. ಯಾವ ಇಲಾಖೆಯ, ಯಾವ ದಾಖಲೆಯಲ್ಲಿ, ಏನು ಕಂಡಿತು ಅಂತ ಇರಲಿ. ‘ಇಂಥ ನಂಬರಿನ ಕಾರು ನಿಮ್ಮ ಹೆಸರಿನಲ್ಲಿದೆ’ ಅಂತ ಬರೆದರೆ, ‘ಅದು ನಮ್ಮದಲ್ಲ ಸ್ವಾಮಿ’ ಅಂತ ಅವರು ಹೇಳಬಹುದು. ಎಸ್‌ಎಂಎಸ್ ಕಳಿಸಿದ್ದೇವೆ ಅಂದರೆ ಆಗಲಿಲ್ಲ. ಅಜ್ಜಿಯ ಆಧಾರ್‌ಗೆ ಜೋಡಿಸಿದ ಮೊಬೈಲ್ ಪೀಣ್ಯದಲ್ಲಿ ಕೆಲಸ ಮಾಡುವ ಮಗನ ಜೇಬಿನಲ್ಲಿ ಇರುತ್ತದೆ. ಆ ಸಿಮ್ ಎಷ್ಟೋ ಸಲ ಬದಲಾಗಿರುತ್ತದೆ. ಕಾಗದ ಕೈಗೇ ತಲುಪಲಿ, ಓದಲು ಬಾರದವರಿಗೆ ಓದಿ ಹೇಳಲಿ.

ಅವರು ಉತ್ತರ ಕೊಟ್ಟು, ಯಾರಾದರೂ ಮನೆಗೆ ಹೋಗಿ ನೋಡಿ ಬರುವವರೆಗೂ ಸೌಲಭ್ಯ ನಿಲ್ಲಬಾರದು. ಇದು ಎಲ್ಲಕ್ಕಿಂತ ಮುಖ್ಯ. ಈಗ ಮೊದಲು ನಿಲ್ಲಿಸುತ್ತಾರೆ, ಆಮೇಲೆ ನಾವು ಓಡಾಡಿ ಸಾಬೀತು ಮಾಡಬೇಕು. ಬಸ್ ಚಾರ್ಜು, ಕೂಲಿ ಕಳೆದ ದಿನ, ಜೆರಾಕ್ಸ್ ಖರ್ಚು ಎಲ್ಲ ಅವರದೇ. ಸರ್ಕಾರ ತಪ್ಪು ಮಾಡಿ ಒಬ್ಬ ಉಳ್ಳವರಿಗೆ ಎರಡು ತಿಂಗಳು ಜಾಸ್ತಿ ಅಕ್ಕಿ ಕೊಟ್ಟರೆ ಆ ನಷ್ಟವನ್ನು ಆಮೇಲೆ ವಸೂಲಿ ಮಾಡಬಹುದು. ಇಲ್ಲದವರ ಮನೆಯಲ್ಲಿ ಎರಡು ತಿಂಗಳು ಅಕ್ಕಿ ನಿಂತರೆ ಅದನ್ನು ಯಾವ ಬಿಲ್ಲಿನಲ್ಲೂ ತುಂಬಿಕೊಡೋಕಾಗಲ್ಲ.

ಮತ್ತೆ ಆ ಲಾಗಿನ್. ಯಾರ ಲಾಗಿನ್‌ನಲ್ಲಿ ಹೆಸರು ತೆಗೆಯಬಹುದೋ ಇಲ್ಲವೋ, ಹೆಸರು ವಾಪಸ್ ಸೇರಿಸುವ ಅಧಿಕಾರ ಮಾತ್ರ ಪ್ರತಿ ತಾಲ್ಲೂಕಿನಲ್ಲಿ ಒಬ್ಬ ಅಧಿಕಾರಿಗೆ ಇರಲಿ. ಅವರ ಹೆಸರು, ಫೋನ್ ನಂಬರ್ ಕಚೇರಿ ಗೋಡೆ ಮೇಲಿರಲಿ. ಅದಕ್ಕೆ ಸಕಾಲದ ಗಡುವು ಹಾಕಿ. ಸಕಾಲ ಕಾಯ್ದೆ 2011ರಲ್ಲಿ ಬಂದಿದ್ದು. ಹೇಳಿದ ದಿನಕ್ಕೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿವರೆಗೆ ಅರ್ಜಿದಾರರಿಗೆ ಕೊಡಬೇಕು ಅಂತ ಅದರಲ್ಲಿದೆ. ಅದು ಬಂದ ಹೊಸದರಲ್ಲಿ ಕಚೇರಿಗಳಲ್ಲಿ ಹೇಗೆ ಚುರುಕು ಮೂಡಿತು ಅಂತ ನಾನು ಕಣ್ಣಾರೆ ಕಂಡಿದ್ದೇನೆ. ಹೊಸ ಸೇವೆಗೆ ಇರುವ ಗಡುವು, ಸರ್ಕಾರದ್ದೇ ತಪ್ಪನ್ನು ತಿದ್ದೋಕೂ ಇರಬೇಕಲ್ವಾ? ತಪ್ಪಾಗಿ ನಿಂತಿದ್ದ ತಿಂಗಳುಗಳ ಹಣ ಅರಿಯರ್ಸ್ ಸಮೇತ ತಾನಾಗೇ ಬರಬೇಕು, ಅದಕ್ಕೆ ಮತ್ತೊಂದು ಅರ್ಜಿ ಹಾಕಿಸಬೇಡಿ.

ಯಾವ ಇಲಾಖೆ ಯಾವ ಸಾಫ್ಟ್‌ವೇರ್ ಬಳಸಿ ಏನನ್ನು ನಿರ್ಧರಿಸುತ್ತಿದೆ ಅನ್ನುವ ಪಟ್ಟಿ ಜನರಿಗೆ ಸಿಗಲಿ. ಆಮ್‌ಸ್ಟರ್‌ಡ್ಯಾಮ್ ಮತ್ತು ಹೆಲ್ಸಿಂಕಿ ನಗರಗಳು 2020ರಿಂದಲೇ ಇಂಥ ಪಟ್ಟಿ ಇಟ್ಟಿವೆ. ಅದರ ಜೊತೆ ವರ್ಷಕ್ಕೊಮ್ಮೆ ಎರಡು ಸಂಖ್ಯೆ ಸದನದ ಮುಂದೆ ಬರಲಿ. ಎಷ್ಟು ಜನರ ಹೆಸರು ತೆಗೆದರು, ಅದರಲ್ಲಿ ಎಷ್ಟು ಜನರನ್ನು ತಪ್ಪಾಯಿತು ಅಂತ ವಾಪಸ್ ಸೇರಿಸಿದರು. ಮೊದಲನೇ ಸಂಖ್ಯೆಯನ್ನು ಉಳಿತಾಯ ಅಂತ ಹೇಳಿಕೊಳ್ಳುತ್ತಾರೆ. ಎರಡನೆಯದನ್ನು ನಾನು ಇವತ್ತಿನವರೆಗೂ ಎಲ್ಲೂ ನೋಡಿಲ್ಲ.

ಇದು ಎಐ ಅಲ್ಲ, ಸುಮ್ನೆ ಡೇಟಾ ಹೊಂದಾಣಿಕೆ ಅಂತ ತಂತ್ರಜ್ಞರು ವಾದ ಮಾಡಬಹುದು. ಹೆಸರು ಏನಾದರೂ ಇಟ್ಟುಕೊಳ್ಳಲಿ. ಕಾನೂನು ಬರೆಯುವಾಗ ಆ ವಾದಕ್ಕೆ ಜಾಗ ಕೊಡಬೇಡಿ. ಯಂತ್ರ ಏನು ಅನ್ನುವುದಕ್ಕಿಂತ ಅದು ಯಾರ ಬದುಕಿನ ಮೇಲೆ ನಿರ್ಧಾರ ಮಾಡುತ್ತಿದೆ ಅನ್ನೋದನ್ನ ನೋಡಿ. 2024ರಲ್ಲಿ ಜಾರಿಗೆ ಬಂದ ಯುರೋಪಿಯನ್ ಒಕ್ಕೂಟದ ಎಐ ಕಾಯ್ದೆಯೂ ಅಪಾಯ ಎಷ್ಟು ಅಂತ ನೋಡಿಯೇ ವಿಂಗಡಿಸಿದೆ. ಸರ್ಕಾರಿ ಸಹಾಯಕ್ಕೆ ಯಾರು ಅರ್ಹರು ಅಂತ ಹೇಳುವ ಎಐಯನ್ನು ಅದು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಟ್ಟಿದೆ.

ಮುಖ ಗುರುತಿಸುವ ತಂತ್ರಜ್ಞಾನದ ಬಗ್ಗೆಯೂ ಒಂದು ಮಾತು. ಅಂಗನವಾಡಿಗಳ ಲೆಕ್ಕ ಇಡುವ ಕೇಂದ್ರದ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ 2025ರ ಜುಲೈಯಿಂದ ಅಂಗನವಾಡಿಯಲ್ಲಿ ಮನೆಗೆ ಒಯ್ಯುವ ಆಹಾರ ಕೊಡೋಕೆ ತಾಯಂದಿರ ಮುಖ ದಾಖಲೆಯ ಫೋಟೋಗೆ ಹೊಂದಬೇಕು ಅಂತಾಯಿತು. ಗರ್ಭಿಣಿಯ, ಬಾಣಂತಿಯ ಮುಖ ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಅಂಗನವಾಡಿ ಕಾರ್ಯಕರ್ತೆ ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಊರಿನ ಪ್ರತಿ ಬಾಣಂತಿಯ ಹೆಸರು ಬಲ್ಲ ಆಕೆಯ ಮಾತಿಗಿಂತ ಫೋನಿನ ಮಾತಿಗೆ ಬೆಲೆ ಜಾಸ್ತಿ ಆಗಬಾರದು. ಮುಖ ಹೊಂದಲಿಲ್ಲ ಅಂದರೂ ಆಹಾರ ಕೊಡುವ ಅಧಿಕಾರ ಆಕೆಗೆ ಇರುವ ಹಾಗೆ ರಾಜ್ಯವಾದರೂ ನೋಡಿಕೊಳ್ಳಲಿ.

ಇನ್ನು ನಮ್ಮ ಮಾಹಿತಿ ಎಲ್ಲೆಲ್ಲಿಗೆ ಹೋಗುತ್ತದೆ ಅನ್ನುವ ವಿಷಯ. ನನ್ನ ಅಂಗಡಿಗೆ ವರ್ಷಕ್ಕೆ ಎರಡು ಮೂರು ಸಲ ಯಾರಾದರೂ ಬರುತ್ತಾರೆ. ಸಾಲ ಕೊಡುವವರ ಏಜೆಂಟರು, ವಿಮೆಯವರು, ಜಮೀನು ದಲ್ಲಾಳಿಗಳು. “ಮೇಡಂ, ನಿಮ್ಮ ಹತ್ರ ರೈತರ ನಂಬರ್ ಇರುತ್ತಲ್ಲ, ಎಕರೆ ಎಷ್ಟು ಅಂತಾನೂ ಇದ್ರೆ ಒಳ್ಳೇದು” ಅಂತ ಕೇಳುತ್ತಾರೆ. ತಲೆಗೆ ಇಷ್ಟು ಅಂತ ದುಡ್ಡನ್ನೂ ಹೇಳುತ್ತಾರೆ. ನಾನು ಕೊಟ್ಟಿಲ್ಲ. ಆದರೆ ಒಂದು ಜೆರಾಕ್ಸ್ ಅಂಗಡಿಯ ಡೇಟಾಗೇ ಇಷ್ಟು ಬೆಲೆ ಇದ್ದರೆ, ಇಡೀ ರಾಜ್ಯದ ರೇಷನ್ ಕಾರ್ಡು, ಪಹಣಿ, ಜಾತಿ, ಆದಾಯ, ರೈತರ ಗುರುತು ಸಂಖ್ಯೆಯಾದ ಎಫ್‌ಐಡಿ ಎಲ್ಲ ಒಂದೇ ಕಡೆ ಕೂಡಿದರೆ ಅದಕ್ಕೆ ಎಷ್ಟು ಕಣ್ಣು ಬೀಳಬಹುದು ಯೋಚಿಸಿ. ನಮ್ಮ ರಾಜ್ಯದ ‘ಕುಟುಂಬ’ ದತ್ತಾಂಶ ವ್ಯವಸ್ಥೆ ಅಂಥದ್ದೇ ಒಂದು ಜೋಡಣೆ. ಅದರೊಳಗೆ ಯಾರು, ಯಾವಾಗ, ಯಾವ ಕಾರಣಕ್ಕೆ ನಮ್ಮ ಮನೆಯ ವಿವರ ತೆಗೆದು ನೋಡಿದರು ಅನ್ನುವ ದಾಖಲೆ ಇರಬೇಕು. ಅದನ್ನು ನಾವು ಕೇಳಿದಾಗ ತೋರಿಸಬೇಕು.

‘ಕುಟುಂಬ’ವನ್ನು ನಾನು ವಿರೋಧಿಸುವುದಿಲ್ಲ. ಅರ್ಜಿ ಹಾಕದಿದ್ದರೂ ಅರ್ಹರನ್ನು ಹುಡುಕಿ ಸೌಲಭ್ಯ ತಲುಪಿಸುವುದು ಅದರ ಗುರಿಗಳಲ್ಲಿ ಒಂದು. ಅದು ನಿಜವಾಗಿ ಆಗುವುದಾದರೆ ನನ್ನ ಅಂಗಡಿಯ ವ್ಯಾಪಾರ ಕಮ್ಮಿ ಆದರೂ ಸಂತೋಷವೇ. ಗಂಡ ತೀರಿಕೊಂಡ ದಾಖಲೆ ಕಂಪ್ಯೂಟರಿನಲ್ಲಿ ಬಂದ ತಿಂಗಳೇ ವಿಧವಾ ವೇತನದ ಬಗ್ಗೆ ಒಬ್ಬರು ಆ ಮನೆಗೆ ಹೋಗಿ ಕೇಳಬಹುದು. ಅರವತ್ತು ದಾಟಿದವರನ್ನು ಅವರು ಬರುವ ಮೊದಲೇ ಕರೆಯಬಹುದು. ಆದರೆ ನಾನು ಕೌಂಟರಿನಲ್ಲಿ ಕೂತು ನೋಡುವುದು ಉಲ್ಟಾ. ಹೆಸರು ತೆಗೆಯುವಾಗ ಇಲಾಖೆಗಳ ಡೇಟಾ ಒಂದಕ್ಕೊಂದು ಚಕಚಕ ಮಾತಾಡಿಕೊಳ್ಳುತ್ತದೆ. ಹೆಸರು ಸೇರಿಸಬೇಕಾದಾಗ ಅದೇ ಜಾತಿ-ಆದಾಯ ಪತ್ರ, ಅದೇ ಆಧಾರ್ ಜೆರಾಕ್ಸ್ ಮತ್ತೆ ಮತ್ತೆ ತನ್ನಿ ಅನ್ನುತ್ತಾರೆ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಇನ್ನೂರು ಪುಟದ ನೋಟ್‌ಬುಕ್ ಇದೆ. ಅಜ್ಜಿಯ ಘಟನೆ ಆದ ಮೇಲೆ ಶುರು ಮಾಡಿದ್ದು. ಕಾರಣ ಗೊತ್ತಾಗದೆ ಸೌಲಭ್ಯ ನಿಂತವರು ಬಂದಾಗಲೆಲ್ಲ ಬರೆದಿಡುತ್ತೇನೆ. ಯಾವ ತಿಂಗಳು ನಿಂತಿತು, ಪರದೆ ಮೇಲೆ ಏನು ಬಂತು, ಎಷ್ಟು ಸಲ ಓಡಾಡಿದರು, ಕೊನೆಗೆ ಏನಾಯಿತು. ಮೊದಲ ಪುಟದಲ್ಲಿ ಅಜ್ಜಿ ಇದ್ದಾರೆ. ಈಗ ನೂರ ಹತ್ತನೇ ಪುಟ ನಡೆಯುತ್ತಿದೆ. ‘ಏನಾಯಿತು’ ಅನ್ನುವ ಕಾಲಮ್ಮು ಅರ್ಧಕ್ಕಿಂತ ಜಾಸ್ತಿ ಪುಟಗಳಲ್ಲಿ ಖಾಲಿ ಇದೆ.

ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಯಾರಾದರೂ ಈ ವಿಷಯ ಎತ್ತುವುದಾದರೆ, ಆಯಾ ಜನರ ಒಪ್ಪಿಗೆ ಕೇಳಿ, ಹೆಸರು-ನಂಬರ್ ಮರೆಮಾಡಿ, ಆ ನೋಟ್‌ಬುಕ್ಕಿನ ಪ್ರತಿ ತಂದುಕೊಡುತ್ತೇನೆ. ಬೆಂಗಳೂರಾದರೂ ಸರಿ, ಬೆಳಗಾವಿಯಾದರೂ ಸರಿ. ಕೆಲವರು ತಾವೂ ಬರುತ್ತೇವೆ ಅಂದಿದ್ದಾರೆ. ಅಜ್ಜಿಯನ್ನೂ ಕೇಳಿದೆ. “ಬಸ್ಸಲ್ಲಿ ಕಿಟಕಿ ಪಕ್ಕ ಸೀಟು ಕೊಡ್ಸುದ್ರೆ ಬತ್ತೀನಿ” ಅಂದಿದ್ದಾರೆ.

ಇಂತಿ ನಿಮ್ಮ ವಿಶ್ವಾಸಿ,
ಬಸ್‌ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಯವಳು